ಗೌರಿಯರ ಮುಖ ಅಳೆದದ್ದು

ನಾನು ಏನು ಕೆಲಸ ಮಾಡುತ್ತೇನೆಂದು ಯಾರಾದರೂ ಕೇಳಿದರೆ ನಮ್ಮ ದೊಡ್ಡಮ್ಮ ಒಂದೇ ಮಾತಿನಲ್ಲಿ ಮುಗಿಸುತ್ತಿದ್ದಳು: “ಇಕಿ ಫರಕ ಹೇಳತಾಳ.” ಯಾವುದರ ಫರಕು ಎಂದು ಕೇಳಿದವರು ಮುಂದುವರಿಸಿದರೆ, “ಯಾವುದರದರೆ ಆಗಲಿ. ಎರಡು ಸಾಮಾನ ತಂದು ಮುಂದ ಇಡರಿ, ಹೇಳತಾಳ,” ಎನ್ನುತ್ತಿದ್ದಳು. ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸಿ, ಪುಣೆಗೆ ಬಂದು, ಆ ಕೆಲಸವನ್ನು ಹಲವು ವರ್ಷ ಮಾಡಿದ ನನಗೆ ಅದಕ್ಕಿಂತ ಸರಿಯಾದ ವಿವರಣೆ ಇನ್ನೂ ಸಿಕ್ಕಿಲ್ಲ.

ನಾನು ಬಂದದ್ದು ತೊಂಬತ್ತರ ದಶಕದ ಕೊನೆಗೆ. ಖಡಕಿಯಲ್ಲಿ ದೊಡ್ಡಪ್ಪ, ದೊಡ್ಡಮ್ಮನ ಮನೆ. ದೊಡ್ಡಪ್ಪ ಅಲ್ಲಿನ ಮದ್ದುಗುಂಡಿನ ಕಾರ್ಖಾನೆಯ ಸ್ಟೋರಿನಲ್ಲಿದ್ದು ನಿವೃತ್ತರಾಗಿದ್ದರು. ಹೆಣ್ಣುಮಕ್ಕಳಿಬ್ಬರೂ ಮದುವೆಯಾಗಿ ಅದೇ ಊರಿನಲ್ಲಿ ಬೇರೆ ಬೇರೆ ಕಡೆ ಇದ್ದುದರಿಂದ ಒಂದು ಖೋಲಿ ಖಾಲಿ ಇತ್ತು, ಅದು ನನ್ನದಾಯಿತು. ನನ್ನ ಕಂಪನಿ ಇದ್ದದ್ದು ಊರಿನ ಇನ್ನೊಂದು ತುದಿಯ ಹಡಪಸರದಲ್ಲಿ. ಅಲ್ಲಿಯೇ ನಮ್ಮ ಕಾಕಾ, ಕಾಕು ಇದ್ದರು. ದೊಡ್ಡಪ್ಪ ನನ್ನ ತಂದೆಯ ಅಣ್ಣ, ಕಾಕಾ ತಮ್ಮ, ಕಾಕು ಕಾಕಾನ ಹೆಂಡತಿ. ಮಧ್ಯಾಹ್ನದ ಡಬ್ಬಿ ದಿನಾಲೂ ಕಾಕುವಿನ ಮನೆಯದು, ರಾತ್ರಿಯ ಊಟ ದೊಡ್ಡಮ್ಮನದು. ಹೀಗೆ ಒಂದು ಮನೆಯ ಪಲ್ಯದ ಸುದ್ದಿಯನ್ನು ಇನ್ನೊಂದು ಮನೆಗೆ ಒಯ್ಯುವವಳೂ ನಾನೇ ಆಗಿದ್ದೆ.

ಕಂಪನಿ ಸಣ್ಣದು. ಪತ್ರೆ, ಅಂದರೆ ಲೋಹದ ತಗಡು, ಒತ್ತುವ ಶೆಡ್ಡುಗಳ ಸಾಲಿನ ಕೊನೆಗೆ ಒಂದು ತಣ್ಣನೆಯ ಕೋಣೆ, ಅದರಲ್ಲಿ ಕರಿ ಗ್ರಾನೈಟ್ ಮೇಜು, ಮೇಜಿನ ಮೇಲೆ ಮೊಣಕೈ, ಮಣಿಕಟ್ಟುಗಳಿರುವ ಒಂದು ಯಂತ್ರದ ತೋಳು. ತೋಳಿನ ತುದಿಯಿಂದ ಲೇಸರ್ ಬೆಳಕು ಕೆಂಪು ಗೆರೆಯಾಗಿ ಬೀಳುತ್ತಿತ್ತು. ಆ ಗೆರೆಯನ್ನು ವಸ್ತುವಿನ ಮೇಲೆ ಬಣ್ಣ ಬಳಿದಂತೆ ಆಡಿಸಿದರೆ ಕಂಪ್ಯೂಟರಿನ ಪರದೆಯಲ್ಲಿ ಚುಕ್ಕೆಗಳು ಮೂಡುತ್ತಿದ್ದವು. ಪ್ರತಿ ಚುಕ್ಕೆಗೂ ಉದ್ದ, ಅಗಲ, ಎತ್ತರದ ತನ್ನದೇ ವಿಳಾಸ. ಲಕ್ಷಗಟ್ಟಲೆ ಚುಕ್ಕೆಗಳು ಸೇರಿದಾಗ, ವಸ್ತುವನ್ನು ಎತ್ತಿ ಒಯ್ದ ಮೇಲೆ ಅದರ ಮೈಮೇಲಿನ ಧೂಳು ಮಾತ್ರ ಗಾಳಿಯಲ್ಲಿ ಹಾಗೇ ನಿಂತಂತೆ ಕಾಣುತ್ತಿತ್ತು. ಅದಕ್ಕೆ ಪಾಯಿಂಟ್ ಕ್ಲೌಡ್ ಎಂದು ಹೆಸರು, ಚುಕ್ಕೆಗಳ ಮೋಡ. ಅಕ್ಕಪಕ್ಕದ ಚುಕ್ಕೆಗಳನ್ನು ಸಣ್ಣ ಸಣ್ಣ ತ್ರಿಕೋನಗಳಾಗಿ ಹೆಣೆದರೆ ಮೋಡ ಹೋಗಿ ಬಲೆಯಾಗುತ್ತಿತ್ತು, ಅದು ಮೆಶ್. ಒಂದರ ಬಲೆಯ ಮೇಲೆ ಇನ್ನೊಂದರ ಮೋಡವನ್ನು ಕೂಡಿಸಿ, ಎಲ್ಲಿ ಉಬ್ಬು, ಎಲ್ಲಿ ತಗ್ಗು ಎಂದು ನೋಡುವುದು ನನ್ನ ಕೆಲಸ. ಎರಡೂ ಒಂದೇ ಸಮ ಇದ್ದಲ್ಲಿ ಪರದೆ ಹಸಿರು. ಉಬ್ಬಿದಲ್ಲಿ ಹಳದಿ, ಕೆಂಪು. ತಗ್ಗಿದಲ್ಲಿ ನೀಲಿ. ಸ್ಕೂಟರಿನ ಮಡ್‌ಗಾರ್ಡ್ ಸರಿಯಾಗಿ ಕೂಡುವುದಿಲ್ಲವೆಂದು ಅಚ್ಚು ಮಾಡಿದವನೂ ಪತ್ರೆ ಒತ್ತಿದವನೂ ಜಗಳಾಡುತ್ತ ಬರುತ್ತಿದ್ದರು. ಬಣ್ಣದ ಹಾಳೆ ಹಿಡಿದುಕೊಂಡು, ಇನ್ನೂ ಜಗಳಾಡುತ್ತ ಹೋಗುತ್ತಿದ್ದರು.

ಕಂಪನಿಯ ಮಾಲಕರನ್ನು ನಾವು ಸಾಹೇಬರು ಎನ್ನುತ್ತಿದ್ದೆವು. ಮರಾಠಿಯವರು, ಮೆಲುಮಾತಿನವರು. ಯಾವ ಹಾಳೆ ತೋರಿಸಿದರೂ ಅವರ ಮೊದಲ ಪ್ರಶ್ನೆ ಒಂದೇ: “ಏನನ್ನು ಹಿಡಿದುಕೊಂಡು ಅಳೆದೆ?” ಎರಡು ವಸ್ತುಗಳನ್ನು ಹೋಲಿಸುವ ಮೊದಲು ಅವನ್ನು ಒಂದರ ಮೇಲೊಂದು ಕೂಡಿಸಬೇಕಲ್ಲ, ಹಾಗೆ ಕೂಡಿಸುವಾಗ ಯಾವ ಭಾಗ ಬದಲಾಗಿಲ್ಲವೆಂದು ನಂಬಿದೆ ಎಂಬುದು ಆ ಪ್ರಶ್ನೆಯ ಅರ್ಥ. ಉತ್ತರ ಗೊತ್ತಿಲ್ಲದವರಿಗಾಗಿ ಸಾಫ್ಟ್‌ವೇರಿನಲ್ಲಿ ಬೆಸ್ಟ್ ಫಿಟ್ ಎಂಬ ಒಂದು ಗುಂಡಿ ಇತ್ತು. ಒತ್ತಿದರೆ ಅದೇ ಎರಡನ್ನೂ ಅತ್ತಿತ್ತ ಸರಿಸಿ, ತಿರುಗಿಸಿ, ಒಟ್ಟಾರೆ ಫರಕು ಕಡಿಮೆ ಕಾಣುವ ಹಾಗೆ ಕೂಡಿಸಿಕೊಡುತ್ತಿತ್ತು. ಆ ಗುಂಡಿ ನನಗೆ ಬಹಳ ಇಷ್ಟವಾಗಿತ್ತು.

ಇನ್ನು ಗೌರಿಯರ ವಿಷಯ. ಭಾದ್ರಪದದಲ್ಲಿ ಗಣಪತಿ ಬಂದ ಮೇಲೆ ನಮ್ಮ ಮನೆಯಲ್ಲಿ ಜೋಡಿ ಗೌರಿಯರನ್ನು ಕೂಡಿಸುತ್ತಾರೆ, ಅಕ್ಕ ಮತ್ತು ತಂಗಿ. ಸ್ಟ್ಯಾಂಡಿಗೆ ಸೀರೆ ಉಡಿಸಿ, ಮೇಲೆ ಹಿತ್ತಾಳೆಯ ಮುಖ ಇಡುವುದು. ಮುಖಗಳು ಅಜ್ಜಿಯ ಕಾಲದವು, ಒಂದೇ ಅಚ್ಚಿನ ಮೇಲೆ ಬಡಿದವು, ನೋಡಲು ಒಂದೇ ಥರ. ಮನೆಯಲ್ಲಿ ಅವರನ್ನು ದೊಡ್ಡಾಕಿ, ಸಣ್ಣಾಕಿ ಎನ್ನುತ್ತಿದ್ದರು. ದೊಡ್ಡಾಕಿಯನ್ನು ಹಿರಿಯ ಸೊಸೆ ಹೊತ್ತು ಮೊದಲು ಹೊಸ್ತಿಲು ದಾಟಬೇಕು, ಸಣ್ಣಾಕಿಯನ್ನು ಕಿರಿಯ ಸೊಸೆ ಹೊತ್ತು ಹಿಂದೆ ಬರಬೇಕು. ರಂಗೋಲಿಯ ಹೆಜ್ಜೆಗಳ ಮೇಲೆ ಅವರು ಬರುವಾಗ ಒಳಗಿನಿಂದ ಒಬ್ಬರು, ಯಾರು ಬಂದರು, ಯಾವ ಹೆಜ್ಜೆಯಲ್ಲಿ ಬಂದರು ಎಂದು ಕೇಳಬೇಕು. ಗೌರಿ ಬಂದಳು, ಬಂಗಾರದ ಹೆಜ್ಜೆಯಲ್ಲಿ ಬಂದಳು ಎಂದು ಇವರು ಹೇಳಬೇಕು. ಖಡಕಿಯಲ್ಲಿ ಕೇಳುವವಳು ಪಕ್ಕದ ಮನೆಯ ಮರಾಠಿ ಹೆಂಗಸು, ನಾವು ಬಾಯಿ ಎನ್ನುತ್ತಿದ್ದೆವು. ಹಾಗಾಗಿ ಪ್ರಶ್ನೆ ಮರಾಠಿಯದು, ಉತ್ತರ ಕನ್ನಡದ್ದು.

ಹಬ್ಬದ ಮುನ್ನಾದಿನ ಮುಖಗಳನ್ನು ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕುವುದಕ್ಕೂ ಅದೇ ಕ್ರಮ. ಕಾಕು ಮದುವೆಯಾಗಿ ಬಂದ ವರ್ಷದಿಂದ ದೊಡ್ಡಾಕಿಯನ್ನು ದೊಡ್ಡಮ್ಮ ತಿಕ್ಕುತ್ತಿದ್ದಳು, ಸಣ್ಣಾಕಿಯನ್ನು ಕಾಕು. ಅದಲುಬದಲಾಗದಿರಲೆಂದು ಅಜ್ಜಿ ದೊಡ್ಡಾಕಿಯ ಮುಖದ ಒಳಅಂಚಿಗೆ ಒಂದು ಅರಗಿನ ಚುಕ್ಕೆ ಅಂಟಿಸಿದ್ದಳಂತೆ. ಮುಖಗಳನ್ನು ದೊಡ್ಡಮ್ಮನ ಕೈಗೆ ಒಪ್ಪಿಸುವಾಗ, ತಂಗಿಯನ್ನು ಅಕ್ಕನ ಜಾಗದಲ್ಲಿ ಮಾತ್ರ ಎಂದೂ ಕೂಡಿಸಬೇಡ ಎಂದಿದ್ದಳಂತೆ. ಅಂತೆ ಎಂದು ಬರೆಯುತ್ತಿದ್ದೇನೆ, ಏಕೆಂದರೆ ಅಜ್ಜಿಯನ್ನು ನಾನು ನೋಡಿದ್ದು ತೀರ ಚಿಕ್ಕವಳಿದ್ದಾಗ. ಅವಳ ಬಗ್ಗೆ ನನಗಿರುವ ನೆನಪುಗಳಲ್ಲಿ ಎಷ್ಟು ನನ್ನವು, ಎಷ್ಟು ದೊಡ್ಡಮ್ಮ ಹೇಳಿ ಹೇಳಿ ಕೂಡಿಸಿದವು, ಬೇರ್ಪಡಿಸಲು ನನ್ನಿಂದಾಗದು.

ಆ ವರ್ಷ, ಎರಡು ಸಾವಿರದ ನಂತರದ ಮೊದಲ ವರ್ಷಗಳಲ್ಲೊಂದು, ಎರಡೂ ಮುಖಗಳ ಕುತ್ತಿಗೆಯ ಪಟ್ಟಿಗಳು ಸಡಿಲಾಗಿದ್ದವು. ಸರಿ ಮಾಡಿಸಿ ತರುತ್ತೇನೆಂದು ಕಾಕು ಒಯ್ದಳು. ಕಂಚುಗಾರ ಹಳೆಯ ಪಟ್ಟಿ ಕಿತ್ತು ಎರಡಕ್ಕೂ ಹೊಸದು ಬೆಸೆದ. ವೈನಿಗೆ, ಅಂದರೆ ದೊಡ್ಡಮ್ಮನಿಗೆ, ಖುಷಿಯಾಗಲಿ ಎಂದು ಕಾಕು ಮೇಲೊಂದು ಮಾತು ಹೇಳಿದ್ದಳು: ಪಾಲಿಶ್ ಕೂಡ ಮಾಡಿಬಿಡು. ಅವನು ಮಶೀನಿನ ಚಕ್ರಕ್ಕೆ ಹಿಡಿದು ಎರಡೂ ಮುಖಗಳನ್ನು ಕನ್ನಡಿಯಂತೆ ಮಾಡಿಕೊಟ್ಟ. ಬೆಸೆಯುವ ಕಾವಿಗೆ ಅರಗು ಕರಗಿತ್ತು. ಉಳಿದದ್ದು ಕೊಳೆಯೆಂದು ಎರಡೂ ಮುಖಗಳ ಒಳಅಂಚನ್ನು ಒಂದೇ ಸಮ ಕೆರೆದಿದ್ದ.

ಕಾಕು ಮುಖಗಳನ್ನು ಖಡಕಿಗೆ ತಂದು, ಸುತ್ತಿದ ಬಟ್ಟೆ ಬಿಚ್ಚಿ, “ನೋಡ್ರಿ ವೈನಿ, ಹೊಸಾ ಮದುಮಕ್ಕಳು,” ಎಂದಳು. ದೊಡ್ಡಮ್ಮನ ಮುಖವೂ ಅರಳಿತು. ಆಮೇಲೆ ಒಂದನ್ನು ಎತ್ತಿ ಒಳಗೆ ಬೆರಳಾಡಿಸಿದಳು. ಇನ್ನೊಂದನ್ನೂ ಎತ್ತಿ ಬೆರಳಾಡಿಸಿದಳು.

“ಅರಗ ಎಲ್ಲಿ?”

ಕಾಕುವಿನ ಬಣ್ಣ ಇಳಿಯಿತು. ಅದನ್ನು ಕಂಡು ದೊಡ್ಡಮ್ಮನೇ ಸಮಾಧಾನ ಹೇಳಿದಳು. “ಹೋಗಲಿ ಬಿಡ. ಅರಗ ಯಾಕ ಬೇಕು ನನಗ? ಇಷ್ಟು ವರ್ಷ ನೋಡೀನಿ. ಮಾರಿ ನೋಡಿದ ಕೂಡಲೇ ಗೊತ್ತಾಗತದ.” ಒಂದನ್ನು ಬಲಗಡೆ ಇಟ್ಟು, “ಇಕಿ ದೊಡ್ಡಾಕಿ,” ಎಂದಳು. ಅಷ್ಟಕ್ಕೇ ಬಿಟ್ಟಿದ್ದರೆ ಮುಗಿಯುತ್ತಿತ್ತು. ಪೇಪರ್ ಓದುತ್ತಿದ್ದ ದೊಡ್ಡಪ್ಪ ತಮಾಷೆಗೆಂದು ಎರಡನ್ನೂ ಬಟ್ಟೆಯ ಕೆಳಗಿಟ್ಟು ಅತ್ತಿತ್ತ ತಿರುಗಿಸಿ, “ಈಗ ಹೇಳು,” ಎಂದರು. ದೊಡ್ಡಮ್ಮ ಮೊದಲು ದೊಡ್ಡಾಕಿ ಎಂದದ್ದರ ಕಿವಿಯ ಹಿಂದೆ ಕಾಕು ಗುಟ್ಟಾಗಿ ಒಂದು ಕುಂಕುಮದ ಬೊಟ್ಟು ಇಟ್ಟಿದ್ದಳು. ದೊಡ್ಡಮ್ಮ ಬಹಳ ಹೊತ್ತು ನೋಡಿ, ಬೊಟ್ಟು ಇಲ್ಲದ್ದನ್ನು ಎತ್ತಿ, “ಇಕಿ,” ಎಂದಳು.

ಯಾರೂ ನಗಲಿಲ್ಲ. ದೊಡ್ಡಮ್ಮ ಬೊಟ್ಟನ್ನು ನೋಡಿದಳು, ಸೆರಗಿನಿಂದ ಒರೆಸಿದಳು. “ಹಂಗಂದ್ರ ಇಷ್ಟು ವರ್ಷ ನಾ ಅರಗಷ್ಟೇ ನೋಡಕೋತ ಬಂದೆ,” ಎಂದು ಒಳಗೆ ಹೋದಳು.

ಮರುದಿನ ಬೆಳಿಗ್ಗೆ, ಈ ವರ್ಷ ಗೌರಿ ಕೂಡಿಸುವುದಿಲ್ಲ ಎಂದಳು. ದೊಡ್ಡಪ್ಪ ಏನೇನೋ ಹೇಳಿ ನೋಡಿದರು. ಕೂಡಿಸುವ ತನಕ ಅವೂ ಪಾತ್ರೆಯಿದ್ದ ಹಾಗೆ, ದೇವರಿಗೆ ದೊಡ್ಡದು ಸಣ್ಣದು ಎಲ್ಲಿಯದು ಎಂದರು. ಹಳೆಯ ಫೋಟೊಗಳನ್ನೂ ತೆಗೆದು ನೋಡಿದೆವು. ನತ್ತು, ಹೂವು, ಕುಂಕುಮದ ನಡುವೆ ಯಾರದು ಯಾವ ಮುಖ ಎಂದು ತಿಳಿಯುವಂತಿರಲಿಲ್ಲ. “ಅತ್ತಿ ನನ್ನ ಕೈಯಾಗ ಕೊಟ್ಟಾಗ ಒಂದ ಮಾತು ಹೇಳಿದ್ರು. ಒಂದ,” ಎಂದಳು ದೊಡ್ಡಮ್ಮ. ಕಾಕುವಿನ ಮೇಲೆ ಒಂದು ಗದರುವಿಕೆಯೂ ಇಲ್ಲ. ಗದರಿದ್ದರೆ ಕಾಕುವಿಗೆ ಹಗುರಾಗುತ್ತಿತ್ತು. ಖಡಕಿಗೆ ಬರುವುದನ್ನೇ ಅವಳು ನಿಲ್ಲಿಸಿದಳು. ಗೌರಿಯ ಮೂರು ದಿನ ಆ ಮನೆಯಲ್ಲಿ ಇದ್ದು, ವೈನಿಯ ಜೊತೆ ಹೋಳಿಗೆ ಲಟ್ಟಿಸುತ್ತ, ಹದಿನಾರು ಬಗೆಯ ಪಲ್ಯಕ್ಕೆ ಹೆಚ್ಚುತ್ತ, ಬೈಸಿಕೊಳ್ಳುತ್ತ ಕಳೆಯುವುದು ಅವಳಿಗೆ ತವರಿಗೆ ಹೋದ ಹಾಗಿತ್ತು. ಹದಿನೆಂಟರ ಹುಡುಗಿಯಾಗಿ ಬಂದವಳಿಗೆ ಹಿಟ್ಟು ನಾದುವುದರಿಂದ ಹಿಡಿದು ಮರಾಠಿಯಲ್ಲಿ ಚೌಕಾಸಿ ಮಾಡುವವರೆಗೆ ಎಲ್ಲ ಕಲಿಸಿದವಳು ದೊಡ್ಡಮ್ಮ.

ಒಂದು ಮಧ್ಯಾಹ್ನ ಡಬ್ಬಿ ಕೊಡುವಾಗ ಕಾಕು ಬಾಗಿಲಲ್ಲೇ ನನ್ನನ್ನು ನಿಲ್ಲಿಸಿದಳು. “ನಿನ್ನ ಕೆಲಸ ಫರಕ ಹೇಳೂದಲ್ಲೇನು?”

“ಹೌದು, ಆದರ...”

“ಆದರ ಗೀದರ ಬ್ಯಾಡ. ಒಂದ ಸಲ ಆ ಮಶೀನಿನ ಮುಂದ ಇಡು. ವೈನಿ ಮಾತಾಡಲಾರದ ನನಗ ಊಟ ಇಳಿಯವಲ್ದು.”

ದೊಡ್ಡಮ್ಮ ಅರೆಮನಸ್ಸಿನಿಂದ ಕೊಟ್ಟಳು. ರೇಷ್ಮೆ ಬಟ್ಟೆಯಲ್ಲಿ ಸುತ್ತಿ ಹಡಪಸರಕ್ಕೆ ಒಯ್ದೆ. ಎರಡರ ಹೊರಮೈಯನ್ನೂ ಲೇಸರಿನಿಂದ ಬಳಿದು, ಒಂದನ್ನು ಬಲೆ ಮಾಡಿ, ಇನ್ನೊಂದರ ಮೋಡವನ್ನು ಮೇಲೆ ಕೂಡಿಸಿ, ನನ್ನ ಪ್ರೀತಿಯ ಗುಂಡಿ ಒತ್ತಿದೆ. ಕುತ್ತಿಗೆಯೊಂದು ಬಿಟ್ಟರೆ ಮುಖವೆಲ್ಲ ಹೆಚ್ಚುಕಡಿಮೆ ಹಸಿರು. ಇದು ಒಳ್ಳೆಯ ಸುದ್ದಿ ಎಂದುಕೊಂಡೆ. ಎರಡಕ್ಕೂ ಭೇದವೇ ಇಲ್ಲವೆಂದ ಮೇಲೆ ತಪ್ಪುವುದೆಲ್ಲಿ ಬಂತು? ಸಂಜೆ ಹಾಳೆಯನ್ನು ದೊಡ್ಡಮ್ಮನ ಮುಂದೆ ಹಿಡಿದು ಹಾಗೆಯೇ ಹೇಳಿದೆ.

ಅವಳು ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದಳು. “ಎರಡೂ ಒಂದ ಅಂತ ಹೇಳಾಕ ಅಷ್ಟು ದೊಡ್ಡ ಮಶೀನ ಬೇಕಾಗಿತ್ತೇನು ತಂಗೀ? ಅದನ್ನ ನಿಮ್ಮ ದೊಡ್ಡಪ್ಪ ಪೇಪರ ಓದಕೋತನ ಹೇಳಿದ್ರು.”

ಇಲ್ಲಿ ಒಂದು ಮಾತು. ನಾನು ದಿನಚರಿ ಬರೆಯುವವಳು. ಆದರೆ ಆ ವಾರದ ಪುಟಗಳಲ್ಲಿ ಕೆಲಸದ ಟಿಪ್ಪಣಿಗಳಿವೆ, ಯಾರು ಏನಂದರೆಂಬುದು ಇಲ್ಲ. ಮೇಲಿನ ಮಾತುಗಳೂ ಮುಂದಿನವೂ ನನ್ನ ನೆನಪಿನವು. ಬರೆದದ್ದನ್ನು ಫೋನಿನಲ್ಲಿ ಕಾಕುವಿಗೆ ಓದಿ ತೋರಿಸಿದೆ. ಕೆಲವನ್ನು ತಿದ್ದಿದಳು, ತಿದ್ದಿದ ಕಡೆಗಳಲ್ಲೆಲ್ಲ ಕಾಕು ಸ್ವಲ್ಪ ಹೆಚ್ಚು ಜಾಣೆಯಾಗಿದ್ದಾಳೆ. ಹಾಗೆಂದು ನನ್ನ ನೆನಪು ಅವಳದಕ್ಕಿಂತ ಸರಿಯೆನ್ನಲು ನನ್ನಲ್ಲಿ ಆಧಾರವಿಲ್ಲ. ಕೆಲವನ್ನು ಅವಳು ಹೇಳಿದಂತೆ ಇಟ್ಟಿದ್ದೇನೆ.

ಮರುದಿನ ಸಾಹೇಬರಿಗೆ ಹಾಳೆ ತೋರಿಸಿ, ನಡೆದದ್ದನ್ನು ಹೇಳಿದೆ. ಅವರು ನಗಲಿಲ್ಲ. ಕೇಳಿದ್ದು ಅದೇ ಪ್ರಶ್ನೆ: “ಏನನ್ನು ಹಿಡಿದುಕೊಂಡು ಅಳೆದೆ?”

ಬೆಸ್ಟ್ ಫಿಟ್ ಎಂದೆ.

“ಅಂದರೆ ಏನನ್ನೂ ಹಿಡಿಯಲಿಲ್ಲ.” ಅವರು ತಮ್ಮ ಎರಡು ಅಂಗೈಗಳನ್ನು ಒಂದರ ಮೇಲೊಂದು ಇಟ್ಟು, ಮೇಲಿನದನ್ನು ಚೂರು ವಾಲಿಸಿ ತೋರಿಸಿದರು. ಒಂದು ಮುಖದ ಎಡಗಡೆ ಸವೆದು, ಇನ್ನೊಂದರ ಬಲಗಡೆ ಸವೆದಿದ್ದರೆ, ಆ ಗುಂಡಿ ಒಂದು ಮುಖವನ್ನು ಕೂದಲೆಳೆಯಷ್ಟು ತಿರುಗಿಸಿಬಿಡುತ್ತದೆ. ಫರಕು ಅಲ್ಲೇ ಇರುತ್ತದೆ, ಕಣ್ಣಿಗೆ ಮಾತ್ರ ಬೀಳುವುದಿಲ್ಲ. “ಯಾರೂ ಮುಟ್ಟದ ಜಾಗ ಹುಡುಕು. ಅದನ್ನು ಹಿಡಿ.”

ಕುತ್ತಿಗೆ ಎಂದೆ, ಸೀರೆಯೊಳಗೆ ಮುಚ್ಚಿರುತ್ತದೆ, ಯಾರೂ ತಿಕ್ಕುವುದಿಲ್ಲ. ಹೇಳುತ್ತಲೇ ನೆನಪಾಯಿತು, ಕುತ್ತಿಗೆಗಳೆರಡೂ ಹೊಸವು. ಕಿವಿಯ ಹಿಂಬದಿಯನ್ನೂ ಚಕ್ರ ಸವರಿತ್ತು. ಮುಖಗಳನ್ನು ಬೋರಲು ಹಾಕಿದೆ. ಎರಡರ ಅಂಚಿನ ಸುತ್ತಲೂ ಕಂಚುಗಾರ ಕೆರೆದ ಹೊಳಪು, ಅದರಾಚೆ ಒಳಗೆಲ್ಲ ಹಳೆಯ ಕಪ್ಪು. ಮೂಗಿನ ಗುಳಿ, ಕಣ್ಣಿನ ಗುಳಿ, ಬಡಿದ ದಿನ ಹೇಗಿದ್ದವೋ ಹಾಗೆ. ಅಜ್ಜಿಯಾಗಲಿ, ಸೊಸೆಯರಾಗಲಿ, ಕಂಚುಗಾರನಾಗಲಿ ಯಾರೂ ಅಲ್ಲಿ ಕೈ ಹಾಕಿರಲಿಲ್ಲ. ಅಚ್ಚಿನ ಮೈಗೆ ಅಂಟಿ ಹುಟ್ಟಿದ ಮೈ ಅದು, ಎರಡರದೂ ಒಂದೇ ಇರಬೇಕು.

ಒಳಗೂ ಹೊರಗೂ ಅಳೆಯಬೇಕು, ಇನ್ನೊಮ್ಮೆ ಕೊಡು ಎಂದಾಗ ದೊಡ್ಡಮ್ಮ, “ಈ ಸಲ ನಾನೂ ಬರತೀನಿ. ಗೌರಿ ಒಬ್ಬಾಕೀನ ಎಷ್ಟು ಸಲ ಕಾರಖಾನಿಗೆ ಕಳಸೂದು,” ಎಂದಳು. ಖಡಕಿಯಿಂದ ಹಡಪಸರದವರೆಗೆ ರಿಕ್ಷಾದಲ್ಲಿ ಮುಖಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ರಸ್ತೆಯಲ್ಲಿ ತಗ್ಗು ಬಂದಾಗಲೆಲ್ಲ, ನಿಧಾನ ಹೋಗೆಂದು ರಿಕ್ಷಾದವನಿಗೆ “ಹಳೂ, ಬಾಬಾ, ಹಳೂ,” ಎಂದಳು. ಕಂಪನಿಯ ಬಾಗಿಲಲ್ಲಿ ಕಾಕು ಕಾಯುತ್ತಿದ್ದಳು. ನಾನೇ ಬರಹೇಳಿದ್ದೆ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

“ಸೊರಗೀದಿ,” ಎಂದಳು ದೊಡ್ಡಮ್ಮ.

“ನೀವೂ ಸೊರಗೀರಿ.”

“ನನಗ ಶುಗರ ಅದ. ನಿನಗೇನಾಗೇದ?”

ಒಳಗೆ ಹೋಗುವ ಮೊದಲು ಚಪ್ಪಲಿ ಬಿಡಿರಿ ಎಂದೆ. ಆ ಕೋಣೆಯಲ್ಲಿ ಧೂಳು ಬರಬಾರದೆಂದು ಎಲ್ಲರೂ ಬಿಡುತ್ತಿದ್ದೆವು. ಸಾಹೇಬರೂ ಬರಿಗಾಲಲ್ಲಿ ಇರುವುದನ್ನು ಕಂಡು ದೊಡ್ಡಮ್ಮನಿಗೆ ಸಮಾಧಾನವಾಯಿತು. “ಛಲೋ ಪದ್ಧತಿ ಇಟ್ಟೀರಿ,” ಎಂದು ಅವರಿಗೆ ಮರಾಠಿಯಲ್ಲಿ ಹೇಳಿದಳು. ಅವರೂ ತಮ್ಮ ಮನೆಯ ಗೌರಿಯ ಮಾತು ತೆಗೆದರು. ಅವರಲ್ಲಿ ಮುಖಗಳಿಲ್ಲ, ಹೊಳೆಯಿಂದ ತಂದ ಹರಳುಗಳೇ ಗೌರಿ. “ನಮ್ಮಲ್ಲಿ ಈ ತೊಂದರೆಯೇ ಇಲ್ಲ. ಕಲ್ಲಿಗೆ ಪಾಲಿಶ್ ಮಾಡಿಸುವ ಮನಸ್ಸು ಯಾರಿಗೂ ಬರುವುದಿಲ್ಲ,” ಎಂದರು. ಕಾಕು ಗೋಡೆಯ ಕಡೆ ತಿರುಗಿದಳು. ದೊಡ್ಡಮ್ಮ ಮೊದಲ ಬಾರಿ ನಕ್ಕಳು.

ಹೊಳೆಯುವ ಮೈಮೇಲೆ ಲೇಸರ್ ಚೆದುರುತ್ತದೆ. ಹಿಂದಿನ ಸಲದಂತೆ ಈ ಸಲವೂ ಡಬ್ಬಿಯಿಂದ ಬಿಳಿ ಪುಡಿ ಸಿಂಪಡಿಸಿದೆ. ಹಿತ್ತಾಳೆಯ ಎರಡು ಮುಖಗಳೂ ಮಂಕಾಗಿ ಬೆಳ್ಳಗಾದವು. “ನಾ ಹೊಳಪು ಹಾಕಿಸಿದ್ನಿ,” ಎಂದಳು ಕಾಕು, “ಇಕಿ ಸುಣ್ಣಾ ಹೊಡೀಲಿಕ್ಕತ್ತಾಳ.”

“ನೀ ಹಾಕಿಸಿದ ಹೊಳಪಿಗೇ ಇದೆಲ್ಲಾ,” ಎಂದಳು ದೊಡ್ಡಮ್ಮ. ಗದರುವಿಕೆ ಕಡೆಗೂ ಬಂದಿತ್ತು. ಕಾಕುವಿನ ಬಿಗಿದ ಭುಜಗಳು ಹಗುರಾದದ್ದು ನನಗೆ ಕಂಡಿತು, ಅಥವಾ ಕಂಡಿತೆಂದು ಈಗ ಅನಿಸುತ್ತಿದೆ.

ಒಳಗು ಹೊರಗನ್ನು ಜೋಡಿಸಲು ಮುಖದ ಅಂಚಿನ ಸುತ್ತ ಗುರುತಿಗೆಂದು ಸಣ್ಣ ಸ್ಟಿಕರುಗಳನ್ನು ಅಂಟಿಸಿ, ತೋಳನ್ನು ಒಳಗೆ ಬಗ್ಗಿಸಿ, ಹೊರಗೆ ಆಡಿಸಿ, ಎರಡೂ ಮೈಗಳ ಚುಕ್ಕೆಗಳನ್ನು ಹಿಡಿದೆ. ಮೊದಲು ಒಳಮೈಗಳನ್ನು ಕೂಡಿಸಿದೆ. ಅವು ಎರಡು ಬಟ್ಟಲು ಒಂದರೊಳಗೊಂದು ಕೂತಂತೆ ಕೂತವು, ಒಳಗೆಲ್ಲ ಹಸಿರು. ಆಮೇಲೆ ಅದೇ ಹಿಡಿತದಲ್ಲಿ ಹೊರಮೈ ತೆರೆದೆ. ನಮ್ಮ ಎದುರಿಗೆ ಪರದೆಯಲ್ಲಿ ನಿಂತ ಮುಖದ ಎಡಬದಿಯ ಗಲ್ಲ, ಮೂಗಿನ ಆ ಪಕ್ಕ, ನೀಲಿ. ಬಲಬದಿಯ ಗಲ್ಲದ ಮೇಲೆ ತೆಳು ಹಳದಿ.

ಸಾಹೇಬರು, ತಿರುವಿ ಹಾಕಿ ನೋಡು ಎಂದರು. ಎರಡನೆಯದನ್ನು ಬಲೆ ಮಾಡಿ, ಮೊದಲನೆಯದನ್ನು ಅದರ ಮೇಲೆ ಕೂಡಿಸಿದೆ. ಬಣ್ಣಗಳೂ ತಿರುಗಿ ಬಿದ್ದವು, ನೀಲಿಯಿದ್ದಲ್ಲಿ ಹಳದಿ, ಹಳದಿಯಿದ್ದಲ್ಲಿ ತೆಳು ನೀಲಿ. ಹಾಗಾದರೆ ಇದು ಮುಖಗಳದೇ ಫರಕು.

ನನಗೆ ಗೊತ್ತಿದ್ದಷ್ಟನ್ನು ಹೇಳಿದೆ. ಒಂದು ಮುಖದ ಒಂದು ಗಲ್ಲ ಎರಡು ಮೂರು ಕೂದಲಿನ ದಪ್ಪದಷ್ಟು ಹೆಚ್ಚು ಸವೆದಿದೆ, ಇದು ಯಂತ್ರದ ತಪ್ಪಿಗಿಂತ ಹೆಚ್ಚಿನದು. ಇನ್ನೊಂದರ ಆಚೆಯ ಗಲ್ಲ ಚೂರು ಸವೆದಂತಿದೆ. ಅದು ಯಂತ್ರದ ತಪ್ಪೇ ಆಗಿರಲೂಬಹುದು. “ಫರಕ ಅದ. ಆದರ ದೊಡ್ಡಾಕಿ ಯಾರು ಅಂತ ಇದು ಹೇಳೂದಿಲ್ಲ, ದೊಡ್ಡಮ್ಮ.”

ದೊಡ್ಡಮ್ಮ ಪರದೆಯ ಹತ್ತಿರ ಹೋದಳು, ಕನ್ನಡಕ ತೆಗೆದಳು, ಹಾಕಿಕೊಂಡಳು. “ಈ ನೀಲಿ ಗಲ್ಲದಾಕಿ ಯಾರು? ಕೊಡು ಇಲ್ಲೆ.” ಬಿಳಿ ಪುಡಿಯ ಮುಖವನ್ನು ಕೊಟ್ಟೆ. ಅವಳು ಅದನ್ನು ಬಚ್ಚಲಲ್ಲಿ ಕೂತು ತಿಕ್ಕುವಾಗ ಹಿಡಿಯುವಂತೆ ಎಡಗೈಯಲ್ಲಿ ಹಿಡಿದು, ಖಾಲಿ ಬಲಗೈಯನ್ನು ಅದರ ಮೇಲೆ ಆಡಿಸಿದಳು. ಎಡಗೈ ಹೆಬ್ಬೆರಳು ಎಡಬದಿಯ ಗಲ್ಲವನ್ನು ಮುಚ್ಚಿತ್ತು. ಬಲಗೈ ಹೋಗುತ್ತಿದ್ದದ್ದು ಬಲಬದಿಯ ಗಲ್ಲಕ್ಕೆ. ನೀಲಿಯಿದ್ದದ್ದು ಎಡಬದಿಗೆ.

“ಹಿಂಗ ತಿಕ್ಕಿದರ ಇಲ್ಲೆ ಸವೀಬೇಕು. ಅಲ್ಲೆ ಹೆಂಗ ಸವೀತು?” ಎಂದು ತನಗೆ ತಾನೇ ಕೇಳಿಕೊಂಡು, ಕಾಕುವಿನ ಕಡೆ ನೋಡಿದಳು. “ಎಲ್ಲೆ, ನೀ ಹಿಡಿ. ತಿಕ್ಕಿ ತೋರಸು.”

ಕಾಕು ಎಡಗೈಯಲ್ಲಿ ಮುಖ ಹಿಡಿದು ಬಲಗೈ ಆಡಿಸಿದಳು.

“ಸುಳ್ಳ ಮಾಡಬ್ಯಾಡ. ಅತ್ತಿ ಈಗ ಇಲ್ಲ.”

ಕಾಕು ಬಲಗೈ ಇಳಿಸಿದಳು. ಅವಳು ಎಡಚಿ ಎಂದು ನಮಗೆಲ್ಲ ಗೊತ್ತಿತ್ತು. ತರಕಾರಿ ಹೆಚ್ಚುವುದು, ಸೂಜಿ ಹಿಡಿಯುವುದು ಎಡಗೈಯಲ್ಲೇ. ದೇವರ ಕೆಲಸದಲ್ಲಿ ಮಾತ್ರ ಎಡಗೈ ಕೂಡದೆಂದು ಅಜ್ಜಿ ಕಟ್ಟು ಮಾಡಿದ್ದಳು. ಅದರಂತೆ ಅವಳು ದೇವರ ಕೆಲಸವೆಲ್ಲ ಬಲಗೈಯಲ್ಲಿ ಮಾಡುತ್ತಾಳೆಂದೇ ನಾನು ತಿಳಿದಿದ್ದೆ. ಕಾಕು ನಿಧಾನವಾಗಿ ಮುಖವನ್ನು ಬಲಗೈಗೆ ದಾಟಿಸಿದಳು. ಎಡಗೈ ಆಡಿತು, ಎಡಬದಿಯ ಗಲ್ಲದ ಮೇಲೆ, ಮೂಗಿನ ಪಕ್ಕಕ್ಕೆ. ಪುಡಿಯಲ್ಲಿ ಅವಳ ಬೆರಳು ಹಾದ ದಾರಿ ಹಳದಿಯಾಗಿ ಹೊಳೆಯಿತು. ಪರದೆಯಲ್ಲಿ ನೀಲಿಯಿದ್ದದ್ದೂ ಅಲ್ಲೇ.

“ಬಲಗೈಲೇ ಕೊಳೆ ಹೋಗತಿದ್ದಿಲ್ಲರಿ ವೈನಿ,” ಎಂದಳು ಕಾಕು. “ಗ್ವಾಡಿ ಕಡೆ ತಿರುಗಿ ಕೂತು ತಿಕ್ಕತಿದ್ದೆ. ಯಾರಿಗೂ ಗೊತ್ತಿಲ್ಲ ಅನಕೊಂಡಿದ್ದೆ.”

“ಬಚ್ಚಲದಾಗ ನಿನ್ನ ಮಗ್ಗಲಿಗೆ ಕೂಡಾಕಿ ನಾನು. ನನಗ ಗೊತ್ತಿರೂದಿಲ್ಲೇನು?”

“ಮತ್ತ ಅತ್ತಿಗೆ ಯಾಕ ಹೇಳಲಿಲ್ಲರಿ?”

“ಹೇಳಿದ್ರ ನಿನ್ನ ಪಾಲಿಂದೂ ನಾನ ತಿಕ್ಕಬೇಕಾಗತಿತ್ತು,” ಎಂದಳು ದೊಡ್ಡಮ್ಮ. ಮುಖವನ್ನು ಕಾಕುವಿನ ಕೈಯಲ್ಲೇ ಬಿಟ್ಟು, ಇನ್ನೊಂದನ್ನು ತಾನು ಎತ್ತಿಕೊಂಡು ಸೆರಗಿನ ಮೇಲಿಟ್ಟುಕೊಂಡಳು. ಸೆರಗೆಲ್ಲ ಬೆಳ್ಳಗಾಯಿತು. “ಅದು ನಿನ್ನಾಕಿ. ಇಕಿ ನನ್ನಾಕಿ.”

ಈಗ ಅದನ್ನೆಲ್ಲ ಯೋಚಿಸಿದರೆ ನನ್ನ ಪ್ರಶ್ನೆಗಳು ನಿಲ್ಲುವುದಿಲ್ಲ. ವರ್ಷಕ್ಕೊಮ್ಮೆ ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಹಿತ್ತಾಳೆ ಅಷ್ಟು ಸವೆಯುತ್ತದೆಯೇ? ಬೂದಿ ಒರಟು, ಕಾಕುವಿನ ಕೈ ಜೋರು, ವರ್ಷಗಳು ಹಲವು, ನಿಜ. ಕಂಚುಗಾರನ ಚಕ್ರವೇ ಒಂದರ ಮೇಲೆ ಒಂದು ಬದಿಗೆ ಹೆಚ್ಚು ಹೊತ್ತು ನಿಂತಿದ್ದರೆ? ಒಳಮೈ ಹಿಡಿದದ್ದು ಸರಿ. ಎರಡು ಪತ್ರೆಗಳ ದಪ್ಪವೇ ಮೊದಲಿನಿಂದ ಬೇರೆಯಿದ್ದರೆ? ಅಂದು ಮನೆಗೆ ಮರಳುವಾಗ ರಿಕ್ಷಾದಲ್ಲಿ ಇದೆಲ್ಲವನ್ನೂ ದೊಡ್ಡಮ್ಮನಿಗೆ ಹೇಳಿದ್ದೆ. ಖಚಿತವೆಂದು ನಾನು ಸಹಿ ಹಾಕಲಾರೆ ಎಂದಿದ್ದೆ.

ಅವಳು ಸಿಟ್ಟಾಗಲಿಲ್ಲ. “ನಿನ್ನ ಮಶೀನ ನೀಲಿ ತೋರಿಸಿತು. ನೀಲಿ ಯಾರ ಕೈದು ಅಂತ ನನಗ ಗೊತ್ತದ. ಅರಗ ನೋಡಿ ಗುರುತ ಹಿಡದಿದ್ದೆ ಇಷ್ಟು ದಿನ. ಆಕಿ ಕೈ ಆದರ ನಾ ಖರೇನ ನೋಡೀನಿ,” ಎಂದಳು. ಇದು ಪುರಾವೆಯೇ ಎಂದು ನನ್ನ ಓದಿದ ಮನಸ್ಸು ಇನ್ನೂ ತಕರಾರು ತೆಗೆಯುತ್ತದೆ. ಆದರೆ ಆ ಸಂಜೆ ದೊಡ್ಡಮ್ಮ ಮನೆಗೆ ಹೋದವಳೇ ಅಟ್ಟದಿಂದ ಗೌರಿಯರ ಸ್ಟ್ಯಾಂಡುಗಳನ್ನು ಇಳಿಸಲು ದೊಡ್ಡಪ್ಪನಿಗೆ ಹೇಳಿದಳು, ಪಕ್ಕದ ಮನೆಯ ಬಾಯಿಗೆ, ಬಾಗಿಲಲ್ಲಿ ಕೇಳುವವಳು ನೀನೇ, ಮರೆಯಬೇಡ ಎಂದಳು.

ಹಬ್ಬದ ಮುನ್ನಾದಿನ ಕಾಕು ತನ್ನ ಚೀಲದೊಂದಿಗೆ ಬಂದಳು. ಬಚ್ಚಲಿನಲ್ಲಿ ಎರಡು ಮಣೆ, ನಡುವೆ ಹುಣಸೆಹಣ್ಣಿನ ಬಟ್ಟಲು, ಬೂದಿ. ಮುಖಗಳ ಕಿವಿಯ ತೂತಿನಲ್ಲಿ, ಹುಬ್ಬಿನ ಗೆರೆಯಲ್ಲಿ ನಮ್ಮ ಬಿಳಿ ಪುಡಿ ಇನ್ನೂ ಇತ್ತು. ನಾನು ನೀರು ಹಾಕಿಕೊಡಲು ಬಾಗಿಲಲ್ಲಿ ನಿಂತಿದ್ದೆ. ಕಾಕು ಅಭ್ಯಾಸದಂತೆ ಗೋಡೆಯ ಕಡೆ ತಿರುಗಿ ಕೂತಳು.

“ಈ ಕಡೆ ತಿರುಗು,” ಎಂದಳು ದೊಡ್ಡಮ್ಮ. “ಎಡಗೈಲೇ ತಿಕ್ಕು. ಇಲ್ಲಾಂದ್ರ ಮುಂದ ಬರೂವರಿಗೆ ಗುರುತ ಹೆಂಗ ಸಿಗಬೇಕು?”

ಕಾಕು ತಿರುಗಿದಳು. ಹುಣಸೆಹಣ್ಣಿನ ಉಂಡೆಯನ್ನು ಬಲಗೈಯಿಂದ ಎಡಗೈಗೆ ತೆಗೆದುಕೊಂಡಳು. ಇಬ್ಬರೂ ತಿಕ್ಕತೊಡಗಿದರು. ಆಮೇಲೆ ಅವಳು ದೊಡ್ಡಮ್ಮನ ಕೈಯನ್ನು ಓರೆಗಣ್ಣಿನಿಂದ ನೋಡುತ್ತ ಹೇಳಿದಳು:

“ಹಂಗಾದ್ರ ನೀವೂ ಸ್ವಲ್ಪ ಜೋರಾಗಿ ತಿಕ್ಕರಿ ವೈನಿ. ನಿಮ್ಮಾಕಿ ಗಲ್ಲ ಸವದದ್ದು ಹೌದೋ ಅಲ್ಲೋ ಅಂತ ಇಕಿ ಮಶೀನಿಗೂ ಗೊತ್ತಾಗಲಿಲ್ಲಂತ.”